ಹಾರುವ ಹಕ್ಕಿ ಯಾವುದು?

‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯವನ್ನು ನಮ್ಮಲ್ಲಿ ಹಲವರು ಹತ್ತನೇ ತರಗತಿಯಲ್ಲಿ ಓದಿದ್ದೇವೆ. ಹಾಡಾಗಿಯೂ ಕೇಳಿದ್ದೇವೆ. ಧಾರವಾಡದ ವರಕವಿ ದ.ರಾ. ಬೇಂದ್ರೆ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದಲ್ಲಿ ಬರೆದ ಈ ಪದ್ಯ 1932ರ ‘ಗರಿ’ ಸಂಕಲನದಲ್ಲಿದೆ.

ಪದ್ಯ ಒಂದು ಒಗಟಿನಂತಿದೆ. ಹಕ್ಕಿಯ ಹೆಸರನ್ನು ಕವಿ ಹೇಳುವುದಿಲ್ಲ, ಗುರುತುಗಳನ್ನಷ್ಟೇ ಕೊಡುತ್ತಾರೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಹುದೂರ ಸಾಗುತ್ತದೆ. ಅದರ ಪುಚ್ಛ ಕಪ್ಪು, ಗರಿ ಬಿಳಿ, ರೆಕ್ಕೆ ಕೆಂಪು-ಹೊನ್ನು. ಇವನ್ನು ನಾನು ಇರುಳು, ಹಗಲು, ಮುಂಜಾವು-ಸಂಜೆ ಎಂದು ಓದಿಕೊಂಡೆ. ಹಾಗಾದರೆ ಹಕ್ಕಿ ಎಂದರೆ ಕಾಲ.

ಈ ಹಕ್ಕಿ ಸಾಮ್ರಾಜ್ಯಗಳನ್ನು, ಕೋಟೆಗಳನ್ನು ನುಂಗಿತು ಎನ್ನುತ್ತಾರೆ ಕವಿ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳಿವೆ, ಅವನ ಸಾಮ್ರಾಜ್ಯವಿಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಹಳೆಯ ಕೋಟೆಯ ಗೋಡೆಗಳಿವೆ, ಆಳಿದವರಿಲ್ಲ. ಟಿಪ್ಪು ಸುಲ್ತಾನ್ ಬಲಪಡಿಸಿದ ಕೊಪ್ಪಳದ ಕೋಟೆಯೂ ಈಗ ಖಾಲಿ.

ನಾನು ಇಷ್ಟಕ್ಕೇ ನಿಂತಿದ್ದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯ ಅಡಚಣೆಯಿಂದ ಒಂದು ವರ್ಷ ಕಾಲೇಜು ಸೇರಲಾಗಲಿಲ್ಲ. ಗೆಳತಿಯರು ಮುಂದೆ ಹೋದರು. ಈ ಹಾಡು ಕೇಳಿದಾಗಲೆಲ್ಲ ಹಕ್ಕಿ ನನ್ನ ವರ್ಷವನ್ನೂ ನುಂಗಿತು ಅನಿಸುತ್ತಿತ್ತು.

ಆಗ ಅಮ್ಮಿ ಸೂರಾ ಅಲ್-ಅಸ್ರ್ ನೆನಪಿಸಿದರು. ಕುರ್‌ಆನಿನ ಈ 103ನೇ ಅಧ್ಯಾಯದಲ್ಲಿ ಮೂರೇ ಆಯತ್‌ಗಳಿವೆ. ಅಲ್ಲಿ ಅಲ್ಲಾಹನು ಕಾಲದ ಮೇಲೆ ಆಣೆ ಇಟ್ಟು, ಮನುಷ್ಯ ನಷ್ಟದಲ್ಲಿದ್ದಾನೆ ಎನ್ನುತ್ತಾನೆ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವಾಸವಿಟ್ಟು ಒಳ್ಳೆಯದನ್ನು ಮಾಡುವವರು, ಸತ್ಯವನ್ನೂ ಸಹನೆಯನ್ನೂ ಪರಸ್ಪರ ಬೋಧಿಸುವವರು ಆ ನಷ್ಟದಿಂದ ಹೊರಗಿದ್ದಾರೆ. “ಆಧಾ ಪಢ್ಕೆ ಮತ್ ರೋ” (ಅರ್ಧ ಓದಿ ಅಳಬೇಡ) ಎಂದರು ಅಮ್ಮಿ.

ಪದ್ಯವನ್ನೂ ನಾನು ಅರ್ಧವೇ ಓದಿದ್ದೆ! ಮತ್ತೆ ತೆರೆದು ನೋಡಿದೆ. ಸಾಮ್ರಾಜ್ಯಗಳನ್ನು ನುಂಗಿದ ಅದೇ ಹಕ್ಕಿ ಮುಂದೆ ಹಳೆಯ ಹಣೆಬರಹವನ್ನು ಒರೆಸುತ್ತದೆ, ರೆಕ್ಕೆ ಬೀಸಿ ಚೈತನ್ಯ ತುಂಬುತ್ತದೆ, ಹೊಸ ಕಾಲದ ಮಕ್ಕಳನ್ನು ಹರಸುತ್ತದೆ. ಚಂದ್ರ, ಮಂಗಳ ಲೋಕಗಳತ್ತಲೂ ಹಾರುತ್ತದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ, ಪದ್ಯ ಬಂದು ಎಷ್ಟೋ ವರ್ಷಗಳ ನಂತರ.

ನಾವು ವಾಣಿಜ್ಯ ವಿದ್ಯಾರ್ಥಿಗಳು ಸವಕಳಿ ಲೆಕ್ಕ ಹಾಕುವುದನ್ನು ಕಲಿಯುತ್ತೇವೆ. ಯಂತ್ರ ಪ್ರತಿ ವರ್ಷ ಸವೆಯುತ್ತದೆ, ಆದರೆ ಅದೇ ವರ್ಷ ಅದರಿಂದ ದುಡಿಮೆಯೂ ಆಗಿರುತ್ತದೆ. ಸವಕಳಿಯನ್ನಷ್ಟೇ ಬರೆದು ದುಡಿಮೆಯನ್ನು ಬಿಟ್ಟರೆ ಲೆಕ್ಕ ತಪ್ಪು. ಮನೆಯಲ್ಲಿದ್ದ ಆ ವರ್ಷ ನಾನು ಅಮ್ಮಿಯಿಂದ ಹೊಲಿಗೆ ಕಲಿತೆ, ತಮ್ಮನಿಗೆ ಕನ್ನಡ ಓದಲು ಕಲಿಸಿದೆ. ಅದನ್ನು ನಾನು ಎಲ್ಲೂ ಜಮಾ ಬರೆದಿರಲಿಲ್ಲ.

ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಯಾರಿಗಾದರೂ ಒಂದು ವಿಷಯವೋ ಒಂದು ವರ್ಷವೋ ಕೈತಪ್ಪಿದ್ದರೆ, ಈ ಪದ್ಯವನ್ನು ಕೊನೆಯವರೆಗೆ ಓದಿ. ‘ನೋಡಿದಿರಾ’ ಎಂದು ಕವಿ ಕೇಳುತ್ತಿರುವುದು ನಮ್ಮನ್ನೇ.