ನಾಲ್ಕನೆಯ ವಿಷಯ

ಪಿಯುಸಿ ಸೇರುವ ಮಕ್ಕಳು ಆರು ವಿಷಯ ಓದುತ್ತಾರೆ: ಎರಡು ಭಾಷೆ, ನಾಲ್ಕು ಐಚ್ಛಿಕ. ಹೆಸರಿಗೆ ಐಚ್ಛಿಕವಾದರೂ ವಿಜ್ಞಾನಕ್ಕೆ ಬಂದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಹೆಚ್ಚುಕಡಿಮೆ ಗೊತ್ತಾದದ್ದೇ. ಆರಿಸಿಕೊಳ್ಳಲು ಉಳಿಯುವುದು ನಾಲ್ಕನೆಯದು. ಜೀವಶಾಸ್ತ್ರವೋ, ಕಂಪ್ಯೂಟರ್ ವಿಜ್ಞಾನವೋ, ಎಲೆಕ್ಟ್ರಾನಿಕ್ಸೋ, ಸಂಖ್ಯಾಶಾಸ್ತ್ರವೋ. ವಾಣಿಜ್ಯದಲ್ಲೂ ಅಷ್ಟೆ: ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರದ ಜೊತೆಗೆ ಬರುವ ನಾಲ್ಕನೆಯದರಲ್ಲೇ ಸಿಇಬಿಎ, ಎಸ್‌ಇಬಿಎ, ಎಚ್‌ಇಬಿಎ ಎಂಬ ವ್ಯತ್ಯಾಸ.

ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾ ಬಹಳ ವರ್ಷ ಅಡ್ಮಿಷನ್ ಟೇಬಲ್ಲಿನಲ್ಲೂ ಕೂತಿದ್ದೇನೆ. ಅಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಮನೆಯವರು ವಿಜ್ಞಾನವೋ ವಾಣಿಜ್ಯವೋ ಎಂದು ವಾರಗಟ್ಟಲೆ ಚರ್ಚೆ ಮಾಡುತ್ತಾರೆ, ನಾಲ್ಕನೆಯ ವಿಷಯವನ್ನು ಮಾತ್ರ ಅರ್ಜಿ ತುಂಬುವ ಹೊತ್ತಿನಲ್ಲಿ ಹೇಳುತ್ತಾರೆ. ಮಕ್ಕಳ ದಾರಿಯನ್ನು ಎಷ್ಟೋ ಸಲ ತಿರುಗಿಸುವುದು ಅದೇ.

ಅಸಡ್ಡೆಗೆ ಕಾರಣವಿದೆ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ನಾಲ್ಕನೆಯದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಯಾವುದು ಸುಲಭ ಸರ್, ಅದನ್ನೇ ಕೊಡಿ’ ಎನ್ನುತ್ತಾರೆ. ಇಲ್ಲವೆ, ‘ಯಾವುದಕ್ಕೂ ಪಿಸಿಎಂಬಿನೇ ಇರಲಿ ಸರ್, ಎರಡು ಕಡೆಗೂ ದಾರಿ ಇರುತ್ತೆ’ ಎನ್ನುತ್ತಾರೆ.

ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ದಾರಿ ಇರುವುದು ನಿಜ, ಆದರೆ ಅದರ ಬೆಲೆಯನ್ನು ಹದಿನಾರರ ಮಕ್ಕಳು ತೆರುತ್ತಾರೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಜೀವಶಾಸ್ತ್ರದ್ದೇ 360; ಗಣಿತಕ್ಕೆ ಅಲ್ಲಿ ಜಾಗವೇ ಇಲ್ಲ. ಎಂಜಿನಿಯರಿಂಗ್ ಸಿಇಟಿಯಲ್ಲಿ ಗಣಿತ ಬೇಕು, ಜೀವಶಾಸ್ತ್ರ ಬೇಡ. ಎರಡನ್ನೂ ಪೂರ್ತಿ ಹಿಡಿಯಹೊರಟವರು ಮೂರು ಪ್ರಯೋಗಾಲಯಗಳ ರೆಕಾರ್ಡು ಬರೆದು, ಸಂಜೆ ಕೋಚಿಂಗ್ ಮುಗಿಸಿ, ಕಲನಶಾಸ್ತ್ರದ ಲೆಕ್ಕಕ್ಕೆ ಕೂರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಎರಡರಲ್ಲೂ ಆಸೆ ಇರುವ ಮಕ್ಕಳು ಇದನ್ನು ಸಂತೋಷದಿಂದಲೇ ಹೊರುತ್ತಾರೆ. ಅಂಥವರನ್ನು ಕಂಡಿದ್ದೇನೆ, ಅವರಿಗೆ ಪಿಸಿಎಂಬಿಯಂಥ ಕಾಂಬಿನೇಷನ್ ಇನ್ನೊಂದಿಲ್ಲ. ಆದರೆ ದೊಡ್ಡವರಿಗೆ ತೀರ್ಮಾನ ಮಾಡಲು ಧೈರ್ಯವಿಲ್ಲವೆಂದು ಎರಡು ವರ್ಷದ ಭಾರವನ್ನು ಮಕ್ಕಳ ಮೇಲೆ ಹಾಕುವುದು ನ್ಯಾಯವಲ್ಲ. ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೇ ಅಂಥವರ ಮುಖದಲ್ಲಿ ದಣಿವು ಕಾಣುತ್ತದೆ.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆಯ ಹುಡುಗಿಯೊಬ್ಬಳು ಪಿಸಿಎಂಸಿ ತೆಗೆದುಕೊಂಡಿದ್ದಳು. ಕಂಪ್ಯೂಟರ್ ಓದಿದರೆ ಕೆಲಸ ಸಿಗುತ್ತದೆ ಎಂಬುದು ಮನೆಯವರ ನಂಬಿಕೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ದ್ವಿತೀಯ ಪಿಯುಸಿ ಫಲಿತಾಂಶದ ನಂತರ ಬಂದು, ‘ಸರ್, ಜಿಕೆವಿಕೆಗೆ ಅರ್ಜಿ ಹಾಕಬಹುದಾ? ಚಿಂತಾಮಣಿಯಲ್ಲಿ ರೇಷ್ಮೆಗೇ ಒಂದು ಕಾಲೇಜಿದೆಯಂತೆ’ ಎಂದು ಕೇಳಿದಳು. ಕೃಷಿಕರ ಕೋಟಾಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳನ್ನು ಮೀರಿಸುವವರು ಕಡಿಮೆ. ಹುಳು ಜ್ವರಕ್ಕೆ ಕೂರುವುದನ್ನೂ ಗೂಡು ಕಟ್ಟುವುದನ್ನೂ ನೋಡಿಕೊಂಡೇ ಬೆಳೆದವಳು. ಆದರೆ ಜೀವಶಾಸ್ತ್ರ ಓದಿರಲಿಲ್ಲ. ಈಗ ಅವಳು ಕಂಪ್ಯೂಟರ್ ಪದವಿ ಮುಗಿಸಿ ಕೆಲಸದಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಆದರೂ ಅಂದಿನಿಂದ ರೈತರ ಮನೆಯ ಮಕ್ಕಳು ಅರ್ಜಿ ಹಿಡಿದು ಬಂದರೆ, ‘ಕೃಷಿ, ತೋಟಗಾರಿಕೆ, ಪಶುವೈದ್ಯ, ಇವುಗಳ ಕಡೆ ಮನಸ್ಸಿದೆಯೇನಮ್ಮಾ’ ಎಂದು ಕೇಳದೆ ನಾನು ಅರ್ಜಿ ಮುಂದೆ ಕಳಿಸುವುದಿಲ್ಲ.

ಕಾಂಬಿನೇಷನ್ನಿನ ಹೆಸರನ್ನು ಬದಿಗಿಟ್ಟು ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ನೋಡುವುದನ್ನು ನಾನು ಕಲಿತದ್ದು ಹೀಗೆ. ವಿಜ್ಞಾನ ಓದಿದವರು ಆಮೇಲೆ ಬಿಕಾಂಗೋ ಬಿಎಗೋ ಹೋಗಬಹುದು. ಕಲೆ, ವಾಣಿಜ್ಯ ಓದಿದವರಿಗೆ ಭೌತಶಾಸ್ತ್ರದ ಬಿಎಸ್ಸಿ ಸಿಗುವುದಿಲ್ಲ. ಬಿ.ಫಾರ್ಮ್‌ಗೆ ಭೌತ, ರಸಾಯನದ ಜೊತೆ ಗಣಿತವೋ ಜೀವಶಾಸ್ತ್ರವೋ ಒಂದಿದ್ದರೆ ಸಾಕು. ಐದು ವರ್ಷದ ಕಾನೂನು ಪದವಿಗೆ, ಸಿಎ ಫೌಂಡೇಷನ್‌ಗೆ ಯಾವ ವಿಭಾಗದವರೂ ಬರಬಹುದು. ಒಮ್ಮೆ ಬಿಟ್ಟರೆ ಮರಳಿ ಹಿಡಿಯುವುದು ಎಲ್ಲಕ್ಕಿಂತ ಕಷ್ಟವಾಗುವುದು ಗಣಿತ. ಅರ್ಥಶಾಸ್ತ್ರ ಎಂದರೆ ಗಣಿತವಿಲ್ಲದ ವಿಷಯ ಎಂದುಕೊಂಡವರು ಬಹಳ ಜನ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಸೇರಲು ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು. ವಾಣಿಜ್ಯಕ್ಕೆ ಬಂದ ಮಕ್ಕಳಿಗೆ ಲೆಕ್ಕದ ಕೈ ಇದ್ದರೆ ಬೇಸಿಕ್ ಮ್ಯಾಥ್ಸ್ ಆಗಲಿ ಸಂಖ್ಯಾಶಾಸ್ತ್ರವಾಗಲಿ ತೆಗೆದುಕೊಳ್ಳಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ.

ಸಂಖ್ಯಾಶಾಸ್ತ್ರದ ಬಗ್ಗೆ ನನಗೆ ಮಮತೆ ಹೆಚ್ಚು. ವಿಜ್ಞಾನದವರೂ ವಾಣಿಜ್ಯದವರೂ ಕಲಿಯುವ ಅಪರೂಪದ ವಿಷಯ ಅದು. ಮಳೆಯ ಅಂದಾಜು, ಔಷಧದ ಪರೀಕ್ಷೆ, ಜನಗಣತಿ, ವಿಮೆ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ, ಎಲ್ಲದರ ಅಡಿಯಲ್ಲೂ ಅದೇ ಸಂಭಾವ್ಯತೆಯ ಪಾಠವಿದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಗಣಿತದ ಎಂ.ಎ. ಮಾಡಿ ಕಲ್ಕತ್ತೆಗೆ ಹೋಗಿ ಸಂಖ್ಯಾಶಾಸ್ತ್ರ ಓದಿದವರು. 1945ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವರು ಬರೆದ ಪ್ರಬಂಧದ ಫಲವನ್ನು ಇವತ್ತಿಗೂ ಜಗತ್ತಿನಾದ್ಯಂತ ಕಲಿಸುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಬಂದಾಗ ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಇದನ್ನೇ ಹೇಳಿದೆ. ಹಡಗಲಿ ನಮ್ಮ ರಾಜ್ಯದಲ್ಲೇ ಇದೆ ಎಂದು ಕೇಳಿ ಮಕ್ಕಳಿಗಾದ ಬೆರಗು ದೊಡ್ಡದು.

ಕಲಾ ವಿಭಾಗದ ಬಗ್ಗೆ ಒಂದು ಮಾತು. ಒಳ್ಳೆಯ ಅಂಕ ಪಡೆದ ಹುಡುಗಿ ಎಚ್‌ಇಪಿಎಸ್ ಕೇಳಿದಾಗ ಅವಳ ತಂದೆ, ‘ಇಷ್ಟು ಮಾರ್ಕ್ಸ್ ತೆಗೆದು ಆರ್ಟ್ಸಾ ಸರ್’ ಎಂದು ನನ್ನ ಕಡೆ ನೋಡಿದರು. ಅವಳಿಗೆ ರಾಜ್ಯಶಾಸ್ತ್ರ ಯಾಕೆ ಬೇಕೆಂದು ಅವಳನ್ನೇ ಕೇಳಿ ಎಂದೆ. ಅವಳು ಹೇಳಿದಳು, ಅವರು ಕೇಳಿದರು, ಸಹಿ ಹಾಕಿದರು. ಇಂದು ಅವಳು ನಮ್ಮೂರ ಕೋರ್ಟಿನಲ್ಲೇ ವಕೀಲೆ. ಕಾರಣವನ್ನು ತಾವೇ ಹೇಳಬಲ್ಲ ಮಕ್ಕಳ ಆಯ್ಕೆಯನ್ನು ನಾನು ಯಾವತ್ತೂ ಬದಲಿಸಲು ಹೋಗಿಲ್ಲ. ‘ಫ್ರೆಂಡ್ ತಗೊಂಡಿದ್ದಾನೆ’ ಎನ್ನುವವರನ್ನು ಮಾತ್ರ ಪಕ್ಕದ ಬೆಂಚಿನ ಮೇಲೆ ಕೂರಿಸಿ, ದ್ವಿತೀಯ ಪಿಯುಸಿ ಪುಸ್ತಕ ಕೈಗೆ ಕೊಡುತ್ತೇನೆ. ಪ್ರಥಮ ವರ್ಷದ್ದು ಬೇಡ, ಅದರ ಆರಂಭ ಹತ್ತನೆಯ ತರಗತಿಯ ಹಾಗೆಯೇ ಇರುತ್ತದೆ. ಅಧ್ಯಾಯವೊಂದನ್ನು ಓದಿ ಏನಾದರೂ ಕೇಳಬೇಕೆನ್ನಿಸಿದರೆ ಅದೇ ಒಳ್ಳೆಯ ಗುರುತು, ಅರ್ಥವಾಗದಿದ್ದರೂ ಚಿಂತೆಯಿಲ್ಲ.

ತಂದೆತಾಯಂದಿರು ಕಾಲೇಜಿನವರನ್ನೂ ಒಂದಿಷ್ಟು ಕೇಳಬೇಕು. ಈ ವಿಷಯಕ್ಕೆ ಖಾಯಂ ಉಪನ್ಯಾಸಕರಿದ್ದಾರೆಯೆ, ಅತಿಥಿ ಉಪನ್ಯಾಸಕರಾದರೆ ಯಾವ ತಿಂಗಳಲ್ಲಿ ಬರುತ್ತಾರೆ, ಪ್ರಯೋಗಾಲಯದ ಬಾಗಿಲು ತೆಗೆಸಿ ತೋರಿಸುತ್ತೀರಾ, ಮನಸ್ಸು ಬದಲಾದರೆ ಕಾಂಬಿನೇಷನ್ ಬದಲಿಸಲು ಎಲ್ಲಿಯವರೆಗೆ ಅವಕಾಶವಿದೆ. ಹೀಗೆ ಕೇಳಿದವರನ್ನು ಗಟ್ಟಿ ಮಾತಿನವರೆಂದು ನಾವು ಯಾರೂ ಬೇಸರಿಸಿಕೊಳ್ಳುವುದಿಲ್ಲ. ಉತ್ತರ ನಮ್ಮಲ್ಲಿ ಇಲ್ಲದ ವರ್ಷ, ಪಕ್ಕದ ಊರಿನ ಕಾಲೇಜಿನಲ್ಲಿ ವಿಚಾರಿಸಿ ಎಂದು ನಾನೇ ಹೇಳಿ ಕಳಿಸಿದ್ದೇನೆ.