ವೈದ್ಯಕೀಯ ಸೀಟಿನ ದಾರಿ ಕಾಯುವಾಗ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಕುಬಿಹಾಳವು ಎರೆಭೂಮಿಯ ಊರು. ಆ ಸೀಮೆಯಲ್ಲಿ ಜೂನ್ ತಿಂಗಳೆಂದರೆ ದಾರಿ ಕಾಯುವ ತಿಂಗಳು. ರೋಹಿಣಿ ಮುಗಿದು ಮೃಗಶಿರಾ ಹೂಡಿದರೂ ನೆಲ ನೆನೆಯುವಷ್ಟು ಮಳೆಯಾಗದಿದ್ದರೆ, ಹೆಸರು, ಶೇಂಗಾ, ಹತ್ತಿಗಳ ಬೀಜವನ್ನು ಮನೆಯಲ್ಲಿಟ್ಟುಕೊಂಡು ಒಕ್ಕಲಿಗನು ಮುಗಿಲು ನೋಡುತ್ತಾನೆ. ಇಂಥ ಒಂದು ಮನೆಯಲ್ಲಿ ಇನ್ನೊಂದು ನಿರೀಕ್ಷೆಯೂ ನಡೆದಿದೆಯೆಂದು ಭಾವಿಸೋಣ. ಮನೆಯ ಮಗಳು ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿ, ವೈದ್ಯಕೀಯ ಪ್ರವೇಶಕ್ಕಾಗಿ ನೀಟ್ ಪರೀಕ್ಷೆಯನ್ನು ಬರೆದಿದ್ದಾಳೆ. ಫಲಿತಾಂಶ ಬಂದಿದೆ, ಆದರೆ ಸೀಟು ಬಂದಿಲ್ಲ. ದಿನಕ್ಕೆ ಹತ್ತು ಸಲ ಮೊಬೈಲು ನೋಡುತ್ತಾಳೆ. ನೀರಿಗೆ ಹೋದರೆ ಓಣಿಯವರು, "ಏನವಾ ತಂಗಿ, ಸೀಟು ಆತೇನು?" ಎಂದು ಕೇಳುತ್ತಾರೆ. ಉತ್ತರ ಹೇಳಲಾರದೆ ಅವಳು ಓಣಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಈ ಸಂಕಟವನ್ನು ಬಹು ಜನ ವಿದ್ಯಾರ್ಥಿಗಳು ಬಲ್ಲರು. ಇದು ಕೇವಲ ಮನಸ್ಸಿನ ದೌರ್ಬಲ್ಯವೇ? ಅಥವಾ ಇದಕ್ಕೆ ಕಾರಣಗಳುಂಟೋ? ಸೀಟಿನ ನಿರ್ಣಯಕ್ಕೆ ಇಷ್ಟು ದಿನಗಳೇಕೆ ಬೇಕು? ಈ ನಡುವೆ ವಿದ್ಯಾರ್ಥಿಯ ಕೈಯಲ್ಲಿ ಏನಾದರೂ ಉಳಿದಿದೆಯೇ? ಈ ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

ಅನಿಶ್ಚಯದ ನೋವು

೨೦೧೬ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ೪೫ ಜನ ಸ್ವಯಂಸೇವಕರ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗಣಕಯಂತ್ರದ ಪರದೆಯ ಮೇಲೆ ಕಲ್ಲುಗಳು ಕಾಣಿಸುತ್ತಿದ್ದವು. ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಎಂಬುದನ್ನು ಊಹಿಸಬೇಕು. ಹಾವು ಇದ್ದರೆ ಕೈಗೆ ವಿದ್ಯುತ್ತಿನ ಸಣ್ಣ ಆದರೆ ನೋವಾಗುವ ಹೊಡೆತ ತಾಗುತ್ತಿತ್ತು. ಕಣ್ಣಪಾಪೆಯ ಹಿಗ್ಗುವಿಕೆ ಹಾಗೂ ಬೆವರುವಿಕೆಗಳಿಂದ ಅವರ ಕಳವಳವನ್ನು ಅಳೆಯಲಾಯಿತು. ಹೊಡೆತವು ಖಂಡಿತ ಎಂದು ತಿಳಿದಾಗ ಕಳವಳವು ಅತ್ಯಧಿಕವಾಗಿರಬೇಕೆಂದು ನಮಗೆ ತೋರುವುದು ಸಹಜ. ಆದರೆ ಹಾಗಾಗಲಿಲ್ಲ. ಹೊಡೆತದ ಸಂಭಾವ್ಯತೆ ಶೇಕಡ ೫೦ ಇದ್ದಾಗ, ಅಂದರೆ ಆಗುವುದೋ ಆಗದೋ ಎಂಬುದು ಸಮಸಮವಾಗಿದ್ದಾಗ, ಕಳವಳವು ಶಿಖರಕ್ಕೇರಿತು. ಕೇಡು ನಿಶ್ಚಿತವೆಂದು ತಿಳಿದವರು ಅದಕ್ಕಿಂತ ಶಾಂತರಾಗಿದ್ದರು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅತಿ ಮೇಲಿನ ಕ್ರಮಾಂಕದವನಿಗೆ ಸೀಟು ನಿಶ್ಚಿತ. ಅತಿ ಕೆಳಗಿನವನಿಗೆ ಇಲ್ಲವೆಂಬುದು ನಿಶ್ಚಿತ. ಹೆಚ್ಚಿನ ಬೇಗೆಯೆಲ್ಲ ನಡುವಿನ ಅಂಚಿನಲ್ಲಿ ನಿಂತವರದು. ಅವರು ಹೇಡಿಗಳೆಂದಲ್ಲ, ಅವರು ನಿಂತ ಸ್ಥಳವೇ ಅಂಥದು.

ಅಮೇರಿಕೆಯ ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು ೧೯೮೫ರಲ್ಲಿ ಸರದಿಯಲ್ಲಿ ಕಾಯುವವರ ಮನಸ್ಸನ್ನು ಕುರಿತು ಬರೆಯುತ್ತ ಇನ್ನೆರಡು ಮಾತುಗಳನ್ನು ಹೇಳಿದರು. ಅವಧಿ ತಿಳಿದ ನಿರೀಕ್ಷೆಗಿಂತ ತಿಳಿಯದ ನಿರೀಕ್ಷೆ ದೀರ್ಘವೆನಿಸುತ್ತದೆ. ಕಾರಣ ತಿಳಿದ ನಿರೀಕ್ಷೆಗಿಂತ ತಿಳಿಯದ ನಿರೀಕ್ಷೆಯೂ ದೀರ್ಘವೆನಿಸುತ್ತದೆ. ಅವಧಿಯನ್ನು ಮೊಟಕುಗೊಳಿಸುವುದು ನಮ್ಮಿಂದಾಗದು. ಕಾರಣವನ್ನಾದರೂ ತಿಳಿಯಬಹುದಲ್ಲವೇ?

ಸಂದರ್ಶನದ ಕಾಲ

ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ೧೯೫೭ರಲ್ಲಿ ಸ್ಥಾಪಿತವಾಯಿತು. ಆ ದಶಕಗಳಲ್ಲಿ ಮೈಸೂರು ರಾಜ್ಯದ ಅಭ್ಯರ್ಥಿಗಳು ಆಯ್ಕೆ ಸಮಿತಿಯೆದುರು ಸಂದರ್ಶನಕ್ಕೆ ಕುಳಿತುಕೊಳ್ಳಬೇಕಾಗುತ್ತಿತ್ತು. ೧೯೬೩ರ ಸರಕಾರಿ ಆಜ್ಞೆಯಂತೆ, ಐಚ್ಛಿಕ ವಿಷಯಗಳ ಪರಮಾವಧಿ ಅಂಕಗಳ ಶೇಕಡ ೨೫ರಷ್ಟನ್ನು ಸಂದರ್ಶನಕ್ಕೆ ಗೊತ್ತುಪಡಿಸಲಾಗಿತ್ತು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ದಾಖಲೆ, ಎನ್‌ಸಿಸಿ, ಆಟ, ನಾಟಕ, ಸಮಾಜಸೇವೆ ಮೊದಲಾದವುಗಳನ್ನು ನೋಡಿ ಅಂಕ ಕೊಡಬೇಕಾಗಿತ್ತು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶಗಳಿಗೆ ಸಂಬಂಧಿಸಿದ ಇಂಥ ಆಜ್ಞೆಗಳನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೪ರ ಜನವರಿಯಲ್ಲಿ, ಸಂದರ್ಶನ ಪದ್ಧತಿಯನ್ನು ಬಹುಮತದಿಂದ ಎತ್ತಿಹಿಡಿಯಿತು.

ಈ ಶೇಕಡ ೨೫ರ ಬಲವೆಷ್ಟು? ಒಂದು ಲೆಕ್ಕ ಮಾಡಿ ನೋಡೋಣ. ಐಚ್ಛಿಕ ವಿಷಯಗಳಿಗೆ ೩೦೦ ಅಂಕಗಳಿದ್ದರೆ ಸಂದರ್ಶನಕ್ಕೆ ೭೫. ಒಬ್ಬನಿಗೆ ಪರೀಕ್ಷೆಯಲ್ಲಿ ೨೪೦, ಸಂದರ್ಶನದಲ್ಲಿ ೩೫. ಮತ್ತೊಬ್ಬನಿಗೆ ೨೨೫ ಮತ್ತು ೫೫ ಎಂದಿಟ್ಟುಕೊಳ್ಳಿ. ಮೊದಲನೆಯವನ ಮೊತ್ತ ೨೭೫, ಎರಡನೆಯವನದು ೨೮೦. ವರುಷಗಟ್ಟಲೆ ಓದಿ ಗಳಿಸಿದ ೧೫ ಅಂಕಗಳ ಮುನ್ನಡೆಯು ಕೆಲವು ನಿಮಿಷಗಳ ಮಾತುಕತೆಯಲ್ಲಿ ಅಳಿಸಿಹೋಗಬಲ್ಲದು. ಹಳ್ಳಿಯಿಂದ ಬಂದು ಕಂಪಿಸುವ ಧ್ವನಿಯಲ್ಲಿ ಉತ್ತರ ಹೇಳಿದವನು ಊರಿಗೆ ಮರಳಿ ಅಂಚೆಯವನ ದಾರಿ ಕಾಯುವಾಗ, "ಅವರು ನನ್ನನ್ನು ಏನೆಂದು ತಿಳಿದರು?" ಎಂಬ ಒಂದೇ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಅದು ಅನ್ಯರ ಅಭಿಪ್ರಾಯದ ನಿರೀಕ್ಷೆಯಾಗಿತ್ತು.

೧೯೮೪ರಲ್ಲಿ ಕರ್ನಾಟಕವು ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಆರಂಭಿಸಿತು. ಅಖಿಲ ಭಾರತದ ನೀಟ್ ಪರೀಕ್ಷೆ ೨೦೧೩ರಲ್ಲಿ ಮೊದಲ ಸಲ ನಡೆದು, ಅದೇ ವರುಷ ನ್ಯಾಯಾಲಯದಿಂದ ರದ್ದಾಗಿ, ೨೦೧೬ರಲ್ಲಿ ಮರಳಿ ಬಂದಿತು. ಸಂದರ್ಶನವು ಹೋಯಿತು, ನಿರೀಕ್ಷೆ ಹೋಗಲಿಲ್ಲ. ಆದರೆ ಅದರ ಸ್ವರೂಪವು ಸಂಪೂರ್ಣವಾಗಿ ಬದಲಾಯಿತು. ಈ ಬದಲಾವಣೆಯನ್ನು ಅನೇಕರು ಇನ್ನೂ ಮನಗಂಡಿಲ್ಲ. ಈಗ ಕುಬಿಹಾಳದ ವಿದ್ಯಾರ್ಥಿನಿಯನ್ನು ಕುರಿತು ಯಾರೂ ಕುಳಿತು ತೀರ್ಮಾನ ಮಾಡುತ್ತಿಲ್ಲ. ಅವಳು ಕಾಯುತ್ತಿರುವುದು ತನಗಿಂತ ಮೇಲಿನ ಕ್ರಮಾಂಕದವರು ಎಲ್ಲಿಗೆ ಹೋಗುವರು ಎಂಬುದಕ್ಕಾಗಿ.

ಒಂದು ಸೀಟು, ಮೂವರ ಸ್ಥಳಾಂತರ

ಸರಕಾರಿ ವೈದ್ಯಕೀಯ ಕಾಲೇಜುಗಳ ಶೇಕಡ ೧೫ರಷ್ಟು ಸೀಟುಗಳು ಅಖಿಲ ಭಾರತ ಪಾಲಿಗೆ ಸೇರುತ್ತವೆ; ಉಳಿದ ಶೇಕಡ ೮೫ನ್ನು ರಾಜ್ಯದಲ್ಲಿ ಹಂಚಲಾಗುತ್ತದೆ. ನಮ್ಮಲ್ಲಿ ಆ ಕೆಲಸ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಒಬ್ಬನೇ ವಿದ್ಯಾರ್ಥಿ ಎರಡೂ ಕಡೆ ಅರ್ಜಿ ಹಾಕಬಹುದು. ಆದುದರಿಂದ ಒಂದು ಕಡೆಯ ಹಂಚಿಕೆ ಇನ್ನೊಂದನ್ನು ಕದಲಿಸುತ್ತದೆ. ಹಲವು ಸುತ್ತುಗಳು ಬೇಕಾಗುವುದು ಈ ಕಾರಣದಿಂದಲೇ.

ಮೀಸಲಾತಿಯನ್ನು ಸದ್ಯಕ್ಕೆ ಬದಿಗಿಟ್ಟು, ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿ, ಗದಗ, ಹಾವೇರಿಗಳ ಸರಕಾರಿ ಕಾಲೇಜುಗಳಲ್ಲಿ ತಲಾ ಒಂದೊಂದು ಸೀಟು ಉಳಿದಿದೆ. ಕ, ಖ, ಗ, ಘ ಎಂಬ ನಾಲ್ವರು ಇದೇ ಕ್ರಮದಲ್ಲಿ ಕ್ರಮಾಂಕ ಪಡೆದಿದ್ದಾರೆ. ಆಪ್ಷನ್ ಎಂಟ್ರಿ ಎಂದು ಕರೆಯುವ ಇಚ್ಛೆಯ ಯಾದಿಯಲ್ಲಿ ನಾಲ್ವರೂ ಹುಬ್ಬಳ್ಳಿ, ಗದಗ, ಹಾವೇರಿ ಎಂದೇ ಬರೆದಿದ್ದಾರೆ.

ಮೊದಲನೆಯ ಸುತ್ತಿನಲ್ಲಿ ಕ ಹುಬ್ಬಳ್ಳಿಯನ್ನೂ, ಖ ಗದಗನ್ನೂ, ಗ ಹಾವೇರಿಯನ್ನೂ ಪಡೆಯುವರು. ಘ ಬರಿಗೈಯಲ್ಲಿ ಉಳಿಯುವನು. ಬಳಿಕ ಕ ಎಂಬವನಿಗೆ ಅಖಿಲ ಭಾರತ ಪಾಲಿನಲ್ಲಿ ಪರರಾಜ್ಯದ ಸೀಟು ದೊರೆತು, ಅವನು ಹುಬ್ಬಳ್ಳಿಯನ್ನು ಬಿಟ್ಟನು. ಎರಡನೆಯ ಸುತ್ತಿನಲ್ಲಿ ಖ ಹುಬ್ಬಳ್ಳಿಗೆ ಏರಿದನು. ತೆರವಾದ ಗದಗಕ್ಕೆ ಗ ಬಂದನು. ಹಾವೇರಿ ಘನ ಪಾಲಾಯಿತು. ತೆರವಾದುದು ಒಂದೇ ಸೀಟು, ಕದಲಿದವರು ಮೂವರು. ಘನ ಅಂಕ ಹೆಚ್ಚಲಿಲ್ಲ, ಕ್ರಮಾಂಕ ಬದಲಾಗಲಿಲ್ಲ, ಯೋಗ್ಯತೆಯಂತೂ ಒಂದು ವಾರದಲ್ಲಿ ಬೆಳೆಯಲಿಲ್ಲ. ಹಾಗಿದ್ದ ಮೇಲೆ ಮೊದಲ ಸುತ್ತಿನ 'ಇಲ್ಲ' ಎಂಬ ಉತ್ತರವನ್ನು ಅವನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿದು ಕೊರಗಿದ್ದರೆ, ಅದು ತಪ್ಪು ತಿಳುವಳಿಕೆಯೇ ಸರಿ.

ಇದೇ ಉದಾಹರಣೆಯಲ್ಲಿ ಇನ್ನೊಂದು ಪಾಠವಿದೆ. ಗ ಎಂಬವಳು, "ನನ್ನ ಕ್ರಮಾಂಕಕ್ಕೆ ಹುಬ್ಬಳ್ಳಿಯೆಲ್ಲಿಯದು?" ಎಂದು ಹೆದರಿ ಹಾವೇರಿಯನ್ನೇ ಮೊದಲು ಬರೆದಳೆನ್ನಿ. ಮೊದಲ ಸುತ್ತಿನಲ್ಲಿ ಅವಳಿಗೆ ಸಿಗುವುದು ಹಾವೇರಿಯೇ. ಹೆದರಿಕೆಯಿಂದ ಯಾವ ಲಾಭವೂ ಆಗಲಿಲ್ಲ. ಎರಡನೆಯ ಸುತ್ತಿನಲ್ಲಿ ಗದಗ ತೆರವಾದಾಗ ಅವಳ ಹೆಸರು ಮುಂದೆ ಸರಿಯುವುದಿಲ್ಲ, ಯಾಕೆಂದರೆ ಅವಳ ಮೊದಲನೆಯ ಇಚ್ಛೆ ಆಗಲೇ ಪೂರೈಸಿದೆ. ಗದಗದ ಸೀಟು ಅವಳಿಗಿಂತ ಕೆಳಗಿನ ಘನಿಗೆ ಹೋಗುತ್ತದೆ! ಆದುದರಿಂದ ಇಚ್ಛೆಯ ಯಾದಿಯನ್ನು ನಿಜವಾದ ಇಚ್ಛೆಯ ಕ್ರಮದಲ್ಲಿಯೇ ಬರೆಯಬೇಕು. ಮೇಲೆ ಬರೆದುದು ಸಿಗದಿದ್ದರೆ ಕೆಳಗಿನದಕ್ಕೆ ಧಕ್ಕೆಯಿಲ್ಲ. ಶುಲ್ಕ ಕಟ್ಟಲಾಗದ, ಹೋಗಲು ಒಪ್ಪದ ಕಾಲೇಜನ್ನು ಮಾತ್ರ ಬರೆಯಬಾರದು.

ಗಣಿತಜ್ಞರ ಕೊಡುಗೆ

ಈ ಪ್ರಶ್ನೆಯು ನಮ್ಮ ದೇಶದ್ದು ಮಾತ್ರವಲ್ಲ. ೧೯೪೦ರ ದಶಕದಲ್ಲಿ ಅಮೇರಿಕೆಯ ಆಸ್ಪತ್ರೆಗಳು, ಹೊಸದಾಗಿ ಹೊರಬರುವ ವೈದ್ಯರನ್ನು ತರಬೇತಿಗೆ ಆರಿಸಲು ಒಂದನ್ನೊಂದು ಮೀರಿ ಧಾವಿಸುತ್ತಿದ್ದವು. ಅದನ್ನು ತಡೆಯಲು ೧೯೪೫ರಲ್ಲಿ ದಿನಾಂಕವನ್ನು ಗೊತ್ತುಮಾಡಿ, ಕರೆ ಬಂದ ವಿದ್ಯಾರ್ಥಿಗೆ ಉತ್ತರ ಕೊಡಲು ೧೦ ದಿನಗಳ ಅವಕಾಶ ಕೊಟ್ಟರು. ಆಗ ಹೊಸ ತೊಡಕು ಹುಟ್ಟಿತು. ಮೂರನೆಯ ಇಚ್ಛೆಯ ಆಸ್ಪತ್ರೆಯಿಂದ ಕರೆ ಪಡೆದವನು ಎರಡನೆಯದರ ಆಸೆಯಿಂದ ಕೊನೆಯ ಗಳಿಗೆಯವರೆಗೆ ಬಾಯಿಬಿಡುತ್ತಿರಲಿಲ್ಲ. ಅವನು ಹಿಡಿದ ಸ್ಥಾನಕ್ಕಾಗಿ ಮತ್ತೊಬ್ಬನು ಕಾಯುತ್ತಿದ್ದನು. ಅವಧಿಯನ್ನು ವರುಷ ವರುಷ ಕುಗ್ಗಿಸಿದರೂ ಗೊಂದಲ ತೀರಲಿಲ್ಲ. ಕಡೆಗೆ ೧೯೫೨ರಲ್ಲಿ ಎಲ್ಲರ ಇಚ್ಛೆಯ ಯಾದಿಗಳನ್ನೂ ಒಂದೆಡೆ ಕೂಡಿಸಿ, ಒಮ್ಮೆಲೇ ಹೊಂದಿಸುವ ಪದ್ಧತಿ ಬಂದಿತು.

೧೯೬೨ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲೆ ಎಂಬ ಗಣಿತಜ್ಞರು ಕಾಲೇಜು ಪ್ರವೇಶವನ್ನು ಕುರಿತ ಒಂದು ಚಿಕ್ಕ ಪ್ರಬಂಧದಲ್ಲಿ, ಇಂಥ ಹೊಂದಾಣಿಕೆಯನ್ನು ಯಾವಾಗಲೂ ಸ್ಥಿರವಾಗಿ ಮಾಡಬಹುದೆಂದು ಸಾಧಿಸಿದರು. ಸ್ಥಿರವೆಂದರೆ, ತಮಗೆ ದೊರೆತುದನ್ನು ಬಿಟ್ಟು ಪರಸ್ಪರ ಕೂಡಲು ಬಯಸುವ ವಿದ್ಯಾರ್ಥಿ ಮತ್ತು ಕಾಲೇಜಿನ ಜೋಡಿ ಒಂದೂ ಉಳಿಯದಿರುವುದು. ಈ ವಿಷಯದ ಕಾರ್ಯಕ್ಕಾಗಿ ೨೦೧೨ರಲ್ಲಿ ಶಾಪ್ಲೆಯವರಿಗೂ ಆಲ್ವಿನ್ ರಾತ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಗೇಲ್ ಅವರು ೨೦೦೮ರಲ್ಲಿಯೇ ತೀರಿಕೊಂಡಿದ್ದರು. ಎಲ್ಲ ಕಾಲೇಜುಗಳಿಗೂ ಒಂದೇ ಕ್ರಮಾಂಕಪಟ್ಟಿ ಇದ್ದಾಗ ಅವರ ಕ್ರಮವು ಬಹಳ ಸರಳವಾಗುತ್ತದೆ: ಮೇಲಿನವನಿಂದ ಕೆಳಗಿನವನವರೆಗೆ ಒಬ್ಬೊಬ್ಬರೇ ಬಂದು, ಉಳಿದುದರಲ್ಲಿ ಮೆಚ್ಚಿದುದನ್ನು ಎತ್ತಿಕೊಂಡಂತೆ. ಆದರೆ ಎಲ್ಲ ಪಾಲುಗಳನ್ನೂ ಒಂದೇ ಯಾದಿಯಲ್ಲಿ ಕೂಡಿಸದೆ ಬೇರೆ ಬೇರೆ ಸಂಸ್ಥೆಗಳು ಹಂಚುವವರೆಗೆ, ಸುತ್ತುಗಳೂ ತಪ್ಪವು, ನಿರೀಕ್ಷೆಯೂ ತಪ್ಪದು.

ಕೆಲವೊಮ್ಮೆ ಕ್ರಮಾಂಕವೇ ಕದಲುತ್ತದೆ. ೨೦೨೪ರ ಮೇ ೫ರಂದು ನಡೆದ ನೀಟ್ ಪರೀಕ್ಷೆಯ ಫಲಿತಾಂಶ ಜೂನ್ ೪ರಂದು ಬಂದಾಗ ೬೭ ಜನರಿಗೆ ೭೨೦ಕ್ಕೆ ೭೨೦ ಅಂಕಗಳಿದ್ದವು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಭೌತಶಾಸ್ತ್ರದ ಒಂದು ಪ್ರಶ್ನೆಗೆ ಒಂದೇ ಉತ್ತರ ಸರಿಯೆಂದು ತಜ್ಞರು ಹೇಳಿದ ಮೇಲೆ, ಜುಲೈ ೨೬ರಂದು ಪರಿಷ್ಕೃತ ಫಲಿತಾಂಶ ಪ್ರಕಟವಾಯಿತು. ಪೂರ್ಣಾಂಕದವರು ೧೭ ಜನ ಉಳಿದರು. ಆ ವರುಷ ವಿದ್ಯಾರ್ಥಿಗಳು ಪಟ್ಟ ಸಿಟ್ಟು ಅಸಮಂಜಸವಾಗಿರಲಿಲ್ಲ. ಕಾಯುವವನಿಗೆ ಕಾರಣವನ್ನೂ ದಿನಾಂಕವನ್ನೂ ಸ್ಪಷ್ಟವಾಗಿ ತಿಳಿಸುವುದು ಹಂಚುವವರ ಕರ್ತವ್ಯ.

ಕಾಯುವವನು ಮಾಡತಕ್ಕುದು

ಕ್ಯಾಲಿಫೋರ್ನಿಯದಲ್ಲಿ ವಕೀಲಿಯ ಪರೀಕ್ಷೆ ಬರೆದವರು ಫಲಿತಾಂಶಕ್ಕಾಗಿ ಸುಮಾರು ನಾಲ್ಕು ತಿಂಗಳು ಕಾಯಬೇಕು. ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಸಂಗಡಿಗರು ಅಂಥವರನ್ನು ಅಭ್ಯಸಿಸಿದರು. ಅದನ್ನು ನೆನೆಯದಿರಲು ಯತ್ನಿಸುವುದು, ಕೇಡನ್ನೇ ಊಹಿಸಿ ಸಿದ್ಧರಾಗುವುದು ಮೊದಲಾದ ಉಪಾಯಗಳಿಂದ ಕಳವಳವು ವಿಶೇಷವಾಗಿ ತಗ್ಗಲಿಲ್ಲ. ತನ್ನ ಶಕ್ತಿಗೆ ತಕ್ಕ, ಗುರಿಯುಳ್ಳ ಕೆಲಸದಲ್ಲಿ ಮೈಮರೆಯುವುದು ಕಾಯುವಿಕೆಯನ್ನು ಹಗುರಗೊಳಿಸುವುದೆಂದು ಅವರ ಮುಂದಿನ ಅಧ್ಯಯನಗಳು ತೋರಿಸಿದವು.

ಎರೆಹೊಲದ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಮಳೆ ಬಾರದ ದಿನಗಳಲ್ಲಿ ಅವನು ಕೂರಿಗೆ, ಕುಂಟೆಗಳನ್ನು ದುರಸ್ತಿ ಮಾಡಿಕೊಳ್ಳುತ್ತಾನೆ, ಬೀಜವನ್ನು ಹಸನು ಮಾಡುತ್ತಾನೆ. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಏನು ಬಿತ್ತಬೇಕೆಂಬುದನ್ನೂ ಎಣಿಸುತ್ತಾನೆ. ನಮ್ಮ ವಿದ್ಯಾರ್ಥಿನಿಯೂ ಹಾಗೆಯೇ ಮಾಡಬಹುದು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕಲಿತವರಿಗೆ ರಾಜ್ಯದ ಪಾಲಿನಲ್ಲಿ ಶೇಕಡ ೧೫, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇಕಡ ೫ ಮೀಸಲು ಉಂಟು. ಆ ಪ್ರಮಾಣಪತ್ರಗಳನ್ನು ವೇಳೆಗೆ ಮುನ್ನವೇ ಸಿದ್ಧವಾಗಿಡಬೇಕು. ಆ ವರುಷದ ನಿಯಮಗಳನ್ನು ಸ್ವತಃ ಓದಬೇಕು, ಅವು ವರುಷಕ್ಕೊಮ್ಮೆ ಬದಲಾಗುತ್ತವೆ. ಅಣಕು ಹಂಚಿಕೆ ಬಂದಾಗ ಅದನ್ನು ಭವಿಷ್ಯವೆಂದು ತಿಳಿಯದೆ, ಯಾದಿಯನ್ನು ತಿದ್ದಿಕೊಳ್ಳುವ ಅವಕಾಶವೆಂದು ಬಳಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪದವಿಯಂಥ ಇನ್ನೊಂದು ದಾರಿಯ ಕೊನೆಯ ದಿನಾಂಕವನ್ನು ತಪ್ಪಿಸಿಕೊಳ್ಳಬಾರದು. ಮೊಬೈಲನ್ನು ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ನೋಡಿದರೆ ಸಾಕು. ಹತ್ತು ಸಲ ನೋಡಿದರೆ ಪಟ್ಟಿ ಬೇಗ ಬಾರದು. ಓಣಿಯವರು ಕೇಳಿದರೆ, "ಎರಡನೇ ಸುತ್ತು ಐತಿ, ಯಾರಾದ್ರೂ ಬಿಟ್ರ ನನಗ ಬರತೈತಿ" ಎಂದು ಹೇಳಲು ಅವಳೀಗ ಬಲ್ಲಳು.

ಅಭ್ಯಾಸ

೧. ಮೇಲಿನ ಉದಾಹರಣೆಯಲ್ಲಿ ನಾಲ್ವರೂ ಮೊದಲಿನಂತೆಯೇ ಯಾದಿ ಬರೆದಿದ್ದು, ಖ ಎಂಬವನು ಗದಗವೇ ಸಾಕೆಂದು ಅಲ್ಲಿ ಸೇರಿಬಿಟ್ಟರೆ, ಕ ಬಿಟ್ಟ ಹುಬ್ಬಳ್ಳಿ ಯಾರಿಗೆ ಹೋಗುವುದು? ಹಾವೇರಿ ಯಾರಿಗೆ?

೨. ಯಾರೂ ಸೀಟು ಬಿಡದಿದ್ದರೆ ಘನಿಗೆ ಕೊನೆಯವರೆಗೂ ಸೀಟಿಲ್ಲ. ಅವನು ಮಾಡಿದ ತಪ್ಪೇನು? ವಿಚಾರ ಮಾಡಿ ಉತ್ತರ ಬರೆಯಿರಿ.