ಹಳೇ ಯೆಜ್ದಿ ಟ್ಯಾಂಕ್ ಸೋರುತ್ತಿದೆಯೇ? ಖಾಲಿ ಮಾಡಿದರಷ್ಟೇ ಸಾಲದು

ಮಳೆಗಾಲ ಮುಗಿದು ಹಳೇ ಜಾವಾ, ಯೆಜ್ದಿಗಳ ಹೊದಿಕೆ ತೆಗೆಯುವ ಹೊತ್ತಿಗೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ನೆಲದ ಮೇಲೆ ಎಣ್ಣೆಯ ಕಲೆ. ಅಲ್ಲಿಂದ ಮುಂದೆ ಬಹಳ ಜನ ಮಾಡುವುದು ಒಂದೇ: ಪೆಟ್ರೋಲ್ ಬಸಿದು, ಟ್ಯಾಂಕ್ ಬಿಚ್ಚಿ, ಎರಡು ದಿನ ಬಿಸಿಲಿಗಿಟ್ಟು, ಬೀದಿ ಕೊನೆಯ ವೆಲ್ಡಿಂಗ್ ಶೆಡ್ಡಿಗೆ ಒಯ್ಯುವುದು. ಆ ಕೊನೆಯ ಹೆಜ್ಜೆಯನ್ನು ತಡೆಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಕೊನೆಯ ಗಾಡಿಗೂ ಈಗ ವಯಸ್ಸಾಗಿದೆ. ಟ್ಯಾಂಕ್ ತೂತಾಗುವುದು ಸಾಮಾನ್ಯವಾಗಿ ಒಳಗಿನಿಂದ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕಿಳಿದು ಕೂರುತ್ತದೆ. ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಒಳಗಿನ ಗಾಳಿಯ ತೇವವೇ ಹನಿಯಾಗಿ ಇಳಿಯುತ್ತದೆ. ಈಗಿನ ಇ20 ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಬೇರೆಯೇ ಪದರವಾಗಿ ತಳ ಸೇರುತ್ತವೆ. ತುಕ್ಕು ಶುರುವಾಗುವುದು ಅಲ್ಲೇ, ತಳದ ಜೋಡಣೆಯ ಅಂಚಿನಲ್ಲಿ.

ಆದರೂ ಟ್ಯಾಂಕೇ ಸೋರುತ್ತಿದೆ ಎಂದು ಮೊದಲೇ ತೀರ್ಮಾನಿಸಬೇಡಿ. ತಳವನ್ನು ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿದು ಅರ್ಧ ಗಂಟೆ ಕಾಯಿರಿ. ಪುಡಿ ಮೊದಲು ಒದ್ದೆಯಾದ ಜಾಗವೇ ಸೋರುವ ಜಾಗ. ಎಷ್ಟೋ ಸಲ ಅದು ಪೆಟ್ರೋಲ್ ಕಾಕ್‌ನ ಸವೆದ ವಾಷರ್ ಆಗಿರುತ್ತದೆ, ಇಲ್ಲವೇ ಬಿರುಕು ಬಿಟ್ಟ ಪೈಪು. ಹತ್ತಾರು ರೂಪಾಯಿಯಲ್ಲಿ ಮುಗಿಯುವ ಕೆಲಸ. ವಾಷರ್ ಹಾಕಿಸಬೇಕಾದ ಟ್ಯಾಂಕಿಗೆ ಬೆಸುಗೆ ಹಾಕಿಸಿಕೊಂಡು ಬಂದವರನ್ನು ಕಂಡಿದ್ದೇನೆ.

ದಾರಿ ಮಧ್ಯೆ ಸೋರತೊಡಗಿದರೆ ಬಟ್ಟೆ ಸೋಪನ್ನು ತೂತಿನ ಮೇಲೆ ಒತ್ತಿ ತಿಕ್ಕಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಮನೆ ಮುಟ್ಟುವವರೆಗೆ ತಡೆಯುತ್ತದೆ. ಅಷ್ಟಕ್ಕೇ ಅದು. ಹಾರ್ಡ್‌ವೇರ್ ಅಂಗಡಿಯ ಎರಡು ಮುದ್ದೆ ಕಲಸಿ ಹಚ್ಚುವ ಪುಟ್ಟಿಯೂ ಅಷ್ಟೇ. ಬಣ್ಣದ ಮೇಲೆ ಹಚ್ಚಿದ ಪುಟ್ಟಿ ಬಣ್ಣದ ಸಮೇತ ಎದ್ದು ಬರುತ್ತದೆ.

ಪೆಟ್ರೋಲ್ ಬಸಿಯುವುದು ಬಯಲಿನಲ್ಲಿ, ಹಗಲಿನಲ್ಲಿ, ಮುಚ್ಚಳವಿರುವ ಕ್ಯಾನಿಗೆ. ಬ್ಯಾಟರಿ ತಂತಿ ಮೊದಲೇ ಕಳಚಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರದೆ ನೆಲ ಹಿಡಿದು ತೆವಳುತ್ತದೆ. ಹಿತ್ತಲಲ್ಲಿ ನೀವು ಟ್ಯಾಂಕ್ ಬಿಚ್ಚುತ್ತಿದ್ದರೆ ಬಚ್ಚಲೊಲೆಯಲ್ಲಿ ಕೆಂಡವಿರಬಾರದು.

ಇನ್ನು ಮುಖ್ಯ ವಿಷಯ. ‘ಟ್ಯಾಂಕ್ ಖಾಲಿ ಇದೆಯಲ್ಲ ಸಾರ್, ಏನಾಗುತ್ತೆ?’ ಈ ಮಾತನ್ನು ಗಾಡಿಯ ಮಾಲೀಕರಿಂದಲೂ ಕೇಳಿದ್ದೇನೆ, ವೆಲ್ಡಿಂಗ್ ಕೋಲು ಹಿಡಿದವರಿಂದಲೂ ಕೇಳಿದ್ದೇನೆ. ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಆವಿಯ ಪಾಲು ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿಗೆ ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವೇ ಕಡಿಮೆ. ಖಾಲಿ ಮಾಡಿದಿರೋ, ಗಾಳಿ ಒಳನುಗ್ಗಿ ಹದವಾದ ಮಿಶ್ರಣ ತಾನೇ ತಯಾರಾಗುತ್ತದೆ. ಹಾಗೆಂದು ತುಂಬಿದ ಟ್ಯಾಂಕಿಗೆ ಬೆಂಕಿ ತೋರಿಸಬಹುದು ಎಂದಲ್ಲ! ಹತ್ತು ಹನ್ನೆರಡು ಲೀಟರ್ ಹಿಡಿಯುವ ಟ್ಯಾಂಕ್ ಸಿಡಿಯಲು ಅರ್ಧ ಚಮಚ ಪೆಟ್ರೋಲ್ ಸಾಕು. ಅಷ್ಟು ಪೆಟ್ರೋಲ್ ಜೋಡಣೆಯ ಮಡಿಕೆಯಲ್ಲಿ, ತುಕ್ಕಿನ ಹಕ್ಕಳೆಯಡಿ ಬಿಸಿಲಿಗೂ ಸಿಗದೆ ಅಡಗಿರುತ್ತದೆ.

ನಮ್ಮ ಯೆಜ್ದಿಗಳಲ್ಲಿ ಇನ್ನೊಂದು ಪೇಚಿದೆ. ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ದಶಕಗಳ ಕಾಲ ಟ್ಯಾಂಕಿಗೇ ಎಣ್ಣೆ ಬೆರೆಸಿ ಹಾಕಿದ್ದೇವೆ. ಒಳಗೋಡೆಗೆಲ್ಲ ಜಿಡ್ಡು ಹಿಡಿದಿದೆ. ಮೂಗಿಗೆ ವಾಸನೆ ಬರದಿದ್ದರೂ ಜ್ವಾಲೆಯ ಶಾಖಕ್ಕೆ ಆ ಜಿಡ್ಡು ಆವಿಯಾಗುತ್ತದೆ. ‘ಮೂಸಿ ನೋಡಿದೆ, ಏನೂ ಇಲ್ಲ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ವಾರವಿಡೀ ಒಣಗಿಸಿದ ಟ್ಯಾಂಕೊಂದು ಗ್ಯಾಸ್ ಜ್ವಾಲೆ ತಾಗಿದೊಡನೆ ಹೊಟ್ಟೆ ಉಬ್ಬಿ, ಜೋಡಣೆ ಬಾಯಿಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಮುಚ್ಚಳ ತೆರೆದಿತ್ತು, ಕೆಲಸಗಾರ ಪಕ್ಕಕ್ಕೆ ನಿಂತಿದ್ದ. ಹುಬ್ಬು ಸುಟ್ಟುಕೊಂಡು ಉಳಿದ.

ಆದ್ದರಿಂದ ತೊಳೆಯುವುದೇ ಅರ್ಧಕ್ಕಿಂತ ಹೆಚ್ಚಿನ ಕೆಲಸ. ಕಾಕ್ ಬಿಚ್ಚಿ ಆ ತೂತಿಗೆ ಬಿರಡೆ ಹಾಕಿ. ಬಿಸಿನೀರಿಗೆ ಧಾರಾಳವಾಗಿ ಸೋಪಿನ ಪುಡಿ ಕಲಸಿ ತುಂಬಿ, ಕುಲುಕಿ, ಚೆಲ್ಲಿ. ಒಂದು ಸಲವಲ್ಲ, ನಾಲ್ಕೈದು ಸಲ. ನಡುವೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಒಳಗೆ ಹಾಕಿ ಆಡಿಸಿದರೆ ತುಕ್ಕು ಉದುರುತ್ತದೆ. ಹಾಕುವಾಗ ಎಣಿಸಿ, ತೆಗೆದಾಗಲೂ ಎಣಿಸಿ. ಕೊನೆಗೆ ಕಂಠದವರೆಗೆ ನೀರು ತುಂಬಿ ರಾತ್ರಿಯಿಡೀ ಬಿಡಿ.

ಬೆಸುಗೆಯನ್ನು ಮನೆಯಲ್ಲಿ ಮಾಡಬೇಡಿ. ಸಣ್ಣ ತೂತಾದರೆ ವೆಲ್ಡಿಂಗ್ ಶೆಡ್ಡಿಗಲ್ಲ, ರೇಡಿಯೇಟರ್ ರಿಪೇರಿಯವರಲ್ಲಿಗೆ ಹೋಗಿ. ಕಾಯಿಸಿದ ತಾಮ್ರದ ಕಾವಿನಲ್ಲಿ ತವರ–ಸೀಸದ ಬೆಸುಗೆ ಹಾಕುವುದು ಅವರ ದಿನದ ಕೆಲಸ. ಆ ಬೆಸುಗೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುತ್ತದೆ, ಟ್ಯಾಂಕಿನ ಬಳಿ ಜ್ವಾಲೆ ತರಬೇಕಿಲ್ಲ. ತೂತು ಮೇಲ್ಮುಖವಾಗುವಂತೆ ಟ್ಯಾಂಕ್ ಕೂರಿಸಿ, ಅದಕ್ಕಿಂತ ಒಂದಂಗುಲ ಕೆಳಗಿನವರೆಗೆ ನೀರು ತುಂಬಿಸಿರಬೇಕು. ನೀರು ತಗಡಿಗೇ ತಾಗಿದ್ದರೆ ಶಾಖವನ್ನೆಲ್ಲ ಅದೇ ಕುಡಿಯುತ್ತದೆ, ಬೆಸುಗೆ ಹಿಡಿಯುವುದಿಲ್ಲ. ತೀರಾ ಕೆಳಗಿದ್ದರೆ ಆವಿಗೆ ಜಾಗ. ಟ್ಯಾಂಕನ್ನು ಮಗುಚಿ ಕೂರಿಸುವಾಗ ಮುಚ್ಚಳದಿಂದ ನೀರು ಸುರಿಯುವುದಾದರೆ ಅದನ್ನು ಬಿಗಿಯಿರಿ, ಆದರೆ ಕಾಕ್‌ನ ತೂತು ತೆರೆದಿರಲಿ. ಆವಿಗೆ ಹೊರದಾರಿ ಒಂದಾದರೂ ಬೇಕೇ ಬೇಕು. ಬಣ್ಣ, ತುಕ್ಕು ಪೂರ್ತಿ ಕೆರೆದು ಬೆಳ್ಳಗಿನ ತಗಡು ಕಾಣಿಸಬೇಕು. ಸೂಜಿ ಚುಚ್ಚಿದರೆ ಸುತ್ತಲ ತಗಡೂ ಪುಡಿಯಾಗುವಂತಿದ್ದರೆ ತೇಪೆಯೇ ಗತಿ. ಆರ್ಕ್ ವೆಲ್ಡಿಂಗ್ ಮಾತ್ರ ಬೇಡವೇ ಬೇಡ: ಕಿಡಿಯ ಅಪಾಯ ಒಂದು ಕಡೆ, ತೆಳು ತಗಡಿನಲ್ಲಿ ಒಂದು ತೂತು ಮುಚ್ಚಲು ಹೋಗಿ ಮೂರು ಮಾಡಿಕೊಳ್ಳುವುದು ಇನ್ನೊಂದು ಕಡೆ.

ಬೆಸುಗೆ ಆರಿದ ಮೇಲೆ ಪರೀಕ್ಷೆ. ಸೋಪಿನ ನೀರು ಬಳಿದು, ಸೈಕಲ್ ಪಂಪಿನಿಂದ ಮೆಲ್ಲಗೆ ಒಂದೆರಡು ಸಲ ಗಾಳಿ ಒತ್ತಿದರೆ ಸಾಕು, ಸೋರಿದಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಿದರೆ ಟ್ಯಾಂಕ್ ಫುಟ್‌ಬಾಲಿನಂತೆ ಉಬ್ಬೀತು.

ಒಳಗಿನ ತುಕ್ಕಿಗೆ ಬಿಳಿ ವಿನಿಗರ್ ತುಂಬಿ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ತಡಮಾಡದೆ ಒಣಗಿಸಿ, ಸ್ವಲ್ಪ ಟೂ-ಟಿ ಎಣ್ಣೆ ಸುರಿದು ಎಲ್ಲ ಕಡೆ ಆಡಿಸಿ. ಹಸಿ ತಗಡಿಗೆ ಗಂಟೆಗಳಲ್ಲೇ ಮತ್ತೆ ತುಕ್ಕು ಹತ್ತುತ್ತದೆ. ಒಳಲೇಪ ಹಾಕಿಸುವುದಾದರೆ ಎಣ್ಣೆ ಬೇಡ, ಲೇಪ ಹಿಡಿಯುವುದಿಲ್ಲ. ಎಥೆನಾಲ್ ತಡೆಯುವ ಲೇಪವೇ ಎಂದು ಡಬ್ಬಿ ಓದಿ ಕೊಳ್ಳಿ, ಹೆಚ್ಚಾದದ್ದನ್ನು ಪೂರ್ತಿ ಬಸಿಯಿರಿ. ಮುಚ್ಚಳದ ಗಾಳಿ ತೂತು, ಕಾಕ್‌ನ ಜಾಲರಿ ಸ್ವಚ್ಛ ಮಾಡಿ, ವಾಷರ್ ಹೊಸದೇ ಹಾಕಿ. ಬಣ್ಣದ ಅವಸರ ಬೇಡ. ಮೊದಲ ಸಲ ಒಂದೆರಡು ಲೀಟರ್ ಮಾತ್ರ ಹಾಕಿ, ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿ, ಒಂದು ರಾತ್ರಿ ಹೊರಗೇ ನಿಲ್ಲಿಸಿ.